ಕೊಟ್ಟಿಗೆಹಾರದ ಕಪ್ಪೆ ಮತ್ತು ಕಳೆದುಹೋದ ಬಾಟಲಿಗಳು

ಕಳೆದ ಮಳೆಗಾಲದಲ್ಲಿ ಅಜ್ಜನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತರೆ ಏನೋ ಕೊರತೆ ಅನ್ನಿಸಿತು. ಮಳೆ ಇತ್ತು, ಜೀರುಂಡೆ ಇತ್ತು, ಕರೆಂಟು ಎಂದಿನಂತೆ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು, ಗದ್ದೆ ಕಡೆಯಿಂದ ಕಪ್ಪೆಗಳ ಗದ್ದಲ ಇಲ್ಲ!

ಮಾವನನ್ನು ಕೇಳಿದೆ. "ಗದ್ದೆ ಎಲ್ಲಿದೆ ಮಾರಾಯಾ, ಅಡಿಕೆ ಹಾಕಿ ಹದಿನೈದು ವರ್ಷ ಆಯ್ತಲ್ಲ" ಅಂದರು. ಮೊದಲು ಯಾವ್ಯಾವ ಕಪ್ಪೆ ಇದ್ದವು ಅಂತ ಕೇಳಿದ್ದಕ್ಕೆ, "ಕಪ್ಪೆ ಅಂದ್ರೆ ಕಪ್ಪೆ. ಅದನ್ನ ಯಾರು ಬರೆದಿಡ್ತಾರೆ?" ಅಂತ ನಕ್ಕರು.

ಬರೆದಿಟ್ಟವರೊಬ್ಬರು ಇದ್ದರು. ಅವರ ಬಗ್ಗೆ ಓದುತ್ತಾ ಹೋದೆ, ಅದೇ ಈ ಬರಹ.

ಹೆಸರು ಸಿ.ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. 1932ರಲ್ಲಿ ಶುರುವಾಗಿ ಇಂದಿಗೂ ಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆದರೆ ಅವರ ನಿಜವಾದ ಮೋಹ ಕಪ್ಪೆಗಳ ಮೇಲೆ. 1920ರಲ್ಲಿ ಕೊಡಗಿನ ಬ್ರಹ್ಮಗಿರಿ ಕಡೆಯ, ಕಾವೇರಿಯ ಪವಿತ್ರ ಜೌಗಿನಲ್ಲಿ ಸಿಕ್ಕ ಒಂದು ಕಪ್ಪೆಗೆ 'ಸಾಂಕ್ಟಿಪಾಲುಸ್ಟ್ರಿಸ್' ಅಂತ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ 'ಪವಿತ್ರ ಜೌಗಿನದು' ಅಂತಲೇ ಅರ್ಥ. 1937ರಲ್ಲಿ ಇನ್ನೊಂದು ದೊಡ್ಡ ಲೇಖನ ಬರೆದರು. ಅದರಲ್ಲಿ ಕೊಟ್ಟಿಗೆಹಾರದ ಒಂದು ಕಪ್ಪೆಗೆ 'ಕೊಟ್ಟಿಗೆಹಾರೆನ್ಸಿಸ್', ಕೆಂಪುಹೊಳೆಯದಕ್ಕೆ 'ಕೆಂಫೋಲೆಯೆನ್ಸಿಸ್'. ಚಾರ್ಮಾಡಿ ಘಾಟಿಗೆ ಹೋಗುವಾಗ ನೀರುದೋಸೆ ತಿನ್ನೋಕೆ ನಿಲ್ತೀವಲ್ಲ, ಅದೇ ಕೊಟ್ಟಿಗೆಹಾರ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ಸಿಗುವ ಅದೇ ಕೆಂಪುಹೊಳೆ. ನಮ್ಮ ಹಳ್ಳಗಳ ಹೆಸರು ಹೀಗೆ ಜಗತ್ತಿನ ವಿಜ್ಞಾನದ ಪಟ್ಟಿ ಸೇರಿತು.

ಆಮೇಲೆ ನಡೆದದ್ದು ಬೇಜಾರಿನ ಕಥೆ. ಹೊಸ ಜೀವಿಯೊಂದಕ್ಕೆ ಹೆಸರಿಡುವಾಗ, "ಇಗೋ, ನಾನು ಹೇಳಿದ್ದು ಇದನ್ನೇ" ಅಂತ ತೋರಿಸಲು ಒಂದು ಮಾದರಿಯನ್ನು ಬಾಟಲಿಯಲ್ಲಿ ಕಾಪಾಡಿ ಇಡಬೇಕು. ರಾವ್ ಅವರ ಮಾದರಿಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಅವು ಕಳೆದುಹೋದವು. ಉಳಿದದ್ದು ಮುದ್ರಿತ ವಿವರಣೆ ಮಾತ್ರ. ಪಶ್ಚಿಮಘಟ್ಟದ ಸಣ್ಣ ಕಂದುಗಪ್ಪೆಗಳಲ್ಲಿ ಬಹಳಷ್ಟು ನೋಡಲು ಒಂದೇ ಥರ. ಬರೀ ಓದಿ "ಇದು ರಾವ್ ನೋಡಿದ್ದೇ" ಅಂತ ಹೇಳುವುದು ಸುಲಭವಲ್ಲ. ದಶಕಗಳ ಕಾಲ ಆ ಹೆಸರುಗಳು ಅನಾಥವಾಗಿ ಉಳಿದವು.

ಬಾಟಲಿ ಕಳೆದುಹೋದರೆ ಏನು ಮಹಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಕೋಸ್ಟರಿಕಾ ದೇಶದ ಒಂದು ಘಟನೆ ಓದಿದ ಮೇಲೆ ಅರ್ಥವಾಯಿತು. ಅಲ್ಲಿನ ಮಾಂಟೆವೆರ್ಡೆ ಕಾಡಿನಲ್ಲಿ ಕಿತ್ತಳೆ ಬಣ್ಣದ ಚಿನ್ನದ ಕಪ್ಪೆ ಇತ್ತು. 1987ರಲ್ಲಿ ವಿಜ್ಞಾನಿಗಳು ಎಣಿಸಿದಾಗ 1500ಕ್ಕೂ ಹೆಚ್ಚು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಕಂಡೇ ಇಲ್ಲ. ಗುರುತು ಗೊತ್ತಿತ್ತು, ಲೆಕ್ಕ ಇತ್ತು, ಹಾಗಾಗಿ ಜಗತ್ತು ಬೆಚ್ಚಿತು. ಕಪ್ಪೆಗಳ ಚರ್ಮಕ್ಕೆ ಹತ್ತಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1999ರಲ್ಲಿ. ಪಶ್ಚಿಮಘಟ್ಟದಲ್ಲೂ ಅದು ಇದೆ ಅಂತ 2011ರಲ್ಲಿ ಮೊದಲ ವರದಿ ಬಂತು. ಪುಣ್ಯಕ್ಕೆ ಆಸ್ಟ್ರೇಲಿಯಾ, ಮಧ್ಯ ಅಮೆರಿಕದಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಆದರೆ ಮೊದಲು ಎಷ್ಟಿದ್ದವು ಅಂತ ಗೊತ್ತಿಲ್ಲದ ಕಡೆ ಕಡಿಮೆಯಾದದ್ದು ತಿಳಿಯುವುದಾದರೂ ಹೇಗೆ?

ಅದಕ್ಕೇ ಸಂಶೋಧಕರು ರಾವ್ ಅವರ ಹಳ್ಳಗಳಿಗೆ ವಾಪಸ್ ಹೋದರು. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು 12 ಹೊಸ ರಾತ್ರಿಗಪ್ಪೆಗಳ ಜೊತೆ, ಕಳೆದುಹೋಗಿವೆ ಅಂದುಕೊಂಡಿದ್ದ ಮೂರನ್ನು ಮತ್ತೆ ಪತ್ತೆ ಮಾಡಿದರು. ಮೂರೂ ರಾವ್ ಹೆಸರಿಟ್ಟವೇ! ಕೊಡಗಿನ ಪವಿತ್ರ ಜೌಗಿನ ಕಪ್ಪೆ 91 ವರ್ಷಗಳ ನಂತರ ಸಿಕ್ಕಿತು. ಕೆಂಪುಹೊಳೆಯದೂ ಸಿಕ್ಕಿತು. ಅಷ್ಟರಲ್ಲಿ, 2010ರಲ್ಲಿ, ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ನೆನಪಲ್ಲಿ 'ರಾವೋರ್ಕೆಸ್ಟಿಸ್' ಅಂತ ಹೆಸರಿಟ್ಟಿದ್ದರು. 2014ರಲ್ಲಿ ಕೊಟ್ಟಿಗೆಹಾರದ ಕಪ್ಪೆಯ ಬಳಗಕ್ಕೆ 14 ಹೊಸ ಸದಸ್ಯರು ಸೇರಿದರು. ಇವು ಕುಣಿಯುವ ಕಪ್ಪೆಗಳು. ಹಳ್ಳದ ಸದ್ದಿನಲ್ಲಿ ಕೂಗು ಕೇಳಿಸದು ಅಂತ ಗಂಡು ಹಿಂಗಾಲು ಚಾಚಿ ಬಾವುಟದಂತೆ ಬೀಸುತ್ತದೆ.

ಅದೇ 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನ ಕಪ್ಪೆಯೊಂದಕ್ಕೆ ನೇರ ಕನ್ನಡದ ಹೆಸರಿಟ್ಟರು: 'ಕುಂಬಾರ'. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗೈಗಳಿಂದ ಹಳ್ಳದ ಕೆಸರು ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದಂತೆ. ಕುಂಬಾರನಲ್ಲದೆ ಮತ್ತೇನು?

ಇವರು ಕೆಲಸ ಮಾಡುವ ರೀತಿ ಕೇಳಿದರೆ ಸರಳ. ಮಳೆಗಾಲದ ರಾತ್ರಿ ಟಾರ್ಚು ಹಿಡಿದು ಗೊತ್ತಾದ ಜಾಗದಲ್ಲಿ, ಗೊತ್ತಾದಷ್ಟು ಹೊತ್ತು ಹುಡುಕುವುದು, ಕೂಗು ರೆಕಾರ್ಡ್ ಮಾಡುವುದು, ನೀರಿನ ಮತ್ತು ಗಾಳಿಯ ಉಷ್ಣಾಂಶ ಬರೆದುಕೊಳ್ಳುವುದು. ರೋಗ ಪರೀಕ್ಷೆಗೆ ಚರ್ಮವನ್ನು ಹತ್ತಿಕಡ್ಡಿಯಿಂದ ಒರೆಸಿಕೊಂಡು ಕಪ್ಪೆಯನ್ನು ಬಿಟ್ಟುಬಿಡುವುದು. ಮರುವರ್ಷ ಮತ್ತೆ ಅದೇ ಜಾಗ. ಜಿಗಣೆ ಕಚ್ಚಿಸಿಕೊಳ್ಳುವುದಂತೂ ಉಚಿತ.

ಇಷ್ಟೆಲ್ಲ ಯಾಕೆ ಅಂದರೆ, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಅದರ ಮೊಟ್ಟೆಗೆ ಚಿಪ್ಪಿಲ್ಲ. ನೀರಿಗೆ ಬಿದ್ದ ವಿಷ ನೇರ ಒಳಗೆ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋದಲ್ಲಿ ಮೈಲುತುತ್ತ ಇರುತ್ತದೆ. ಅದರ ತಾಮ್ರ ನೀರಿಗೆ ಸೇರಿದರೆ ಗೊದಮೊಟ್ಟೆಗಳಿಗೆ ಒಳ್ಳೆಯದಲ್ಲ. ಇನ್ನು ಜೌಗು ಬತ್ತಿಸಿದರೆ, ಹಳ್ಳ ತಿರುಗಿಸಿದರೆ ಮನೆಯೇ ಹೋಯಿತು. 2023ರ ಜಾಗತಿಕ ಸಮೀಕ್ಷೆಯಲ್ಲಿ ಕಪ್ಪೆ ಮತ್ತು ಅದರ ಬಂಧುಗಳ 8011 ಪ್ರಭೇದಗಳನ್ನು ನೋಡಿದರು. ನೂರಕ್ಕೆ ಸುಮಾರು 41 ಅಪಾಯದಲ್ಲಿವೆ.

ಮಾವನ ಮೇಲೆ ನನಗೆ ಸಿಟ್ಟಿಲ್ಲ. ಭತ್ತ ಬೆಳೆದು ಸಾಲ ತೀರಿಸಿದವರನ್ನು ನಾನು ನೋಡಿಲ್ಲ. ಆ ಅಡಿಕೆಯ ದುಡ್ಡಲ್ಲೇ ನಾನೂ ಓದಿದ್ದು. ಆದರೆ ನಮ್ಮ ಗದ್ದೆಯಲ್ಲಿ ಯಾವ್ಯಾವ ಕಪ್ಪೆ ಕೂಗುತ್ತಿದ್ದವು ಅನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ರಾವ್ ಅವರ ಬಾಟಲಿ ಕಳೆದರೂ ಬರಹ ಉಳಿದಿತ್ತು, ಹಾಗಾಗಿ 91 ವರ್ಷದ ನಂತರವೂ ಹುಡುಕಿಕೊಂಡು ಹೋಗಲು ಒಂದು ವಿಳಾಸ ಇತ್ತು. ನಮ್ಮ ಗದ್ದೆಗೆ ಅದೂ ಇಲ್ಲ.

ತೋಟದ ಕೆಳಗಿನ ಹಳ್ಳದಲ್ಲಿ ಇನ್ನೂ ಒಂದೆರಡು ಕೂಗುತ್ತವೆ. ವಾಪಸ್ ಬರುವ ಹಿಂದಿನ ರಾತ್ರಿ ಕೊಡೆ ಹಿಡಿದು ಅಲ್ಲಿ ಹತ್ತು ನಿಮಿಷ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ದಿನಾಂಕ, ಜಾಗ, ಹೊತ್ತು ಬರೆದಿಟ್ಟಿದ್ದೇನೆ. ಯಾವ ಕಪ್ಪೆ ಅಂತ ಇನ್ನೂ ಗೊತ್ತಿಲ್ಲ. ಈ ಮಳೆಗಾಲಕ್ಕೂ ಹೋಗಬೇಕು, ಅದೇ ಜಾಗಕ್ಕೆ.

ನಿಮ್ಮೂರಲ್ಲಿ ಹೇಗಿದೆ? ನಿಮ್ಮ ಕಡೆ ಕಪ್ಪೆಗಳಿಗೆ ಬೇರೆ ಬೇರೆ ಹೆಸರಿದ್ದರೆ ಖಂಡಿತ ತಿಳಿಸಿ. ಬರೆದಿಡೋಣ.