ಕೂರುತ್ತದೆಯೆ, ಕೂರುವುದಿಲ್ಲವೆ? – ಬಿಡಿಭಾಗದ ವಿವರ ನಡೆದು ಬಂದ ದಾರಿ

ನಿಮ್ಮ ವಾಹನದ ಚಕ್ರದ ಬೇರಿಂಗ್ ಸವೆದಿದೆ ಎಂದುಕೊಳ್ಳಿ. ಮೆಕ್ಯಾನಿಕ್ ಅದನ್ನು ಬಿಚ್ಚಿ, ಬಟ್ಟೆಯ ಚೂರಿನಲ್ಲಿ ಸುತ್ತಿ ನಿಮ್ಮ ಕೈಗೆ ಕೊಡುತ್ತಾರೆ. ನೀವು ಅದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಇರುವ ಬಿಡಿಭಾಗಗಳ ಅಂಗಡಿಗೆ ಒಯ್ಯುತ್ತೀರಿ. ಅಂಗಡಿಯವರು ಹಳೆಯದನ್ನು ತಿರುಗಿಸಿ ನೋಡಿ, ಒಳಗಿನಿಂದ ಹೊಸದೊಂದನ್ನು ತಂದು ಪಕ್ಕದಲ್ಲಿಡುತ್ತಾರೆ. ಎರಡೂ ಒಂದೇ ಅಳತೆ. ವ್ಯವಹಾರ ಮುಗಿಯಿತು. ಇಲ್ಲಿ ವಿವರಣೆ ಬೇಕಿಲ್ಲ; ಮಾದರಿಯೇ ವಿವರಣೆ.

ಅದೇ ಬೇರಿಂಗನ್ನು ಅಂತರಜಾಲದ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಏನಾಗುತ್ತದೆ? ಮಾರುವವರು ಲುಧಿಯಾನದಲ್ಲಿ, ನೀವು ಶಿರಸಿಯಲ್ಲಿ. ನಡುವೆ ಇರುವುದು ಒಂದೆರಡು ಚಿತ್ರ, ಕೆಲವು ಸಾಲು ಬರಹ. ಇದನ್ನು ಲಿಸ್ಟಿಂಗ್ ಎನ್ನುತ್ತಾರೆ. ನಾವು ‘ಸರಕಿನ ವಿವರ’ ಎನ್ನೋಣ. ‘ಉತ್ತಮ ಗುಣಮಟ್ಟ, ಎಲ್ಲ ಗಾಡಿಗಳಿಗೂ ಆಗುತ್ತದೆ’ ಎಂದಷ್ಟೇ ಅಲ್ಲಿ ಬರೆದಿದ್ದರೆ ಬಂದ ಭಾಗ ಕೂರದೆ ಹೋಗಬಹುದು. ಆಗ ಹಣ, ಸಮಯ ಎರಡೂ ಹಾಳು. ಬ್ರೇಕಿನ ಭಾಗವಾಗಿದ್ದು, ‘ಹೇಗೋ ಕೂರಿಸೋಣ’ ಎಂದು ಯಾರಾದರೂ ಹೊರಟರೆ ಜೀವಕ್ಕೇ ಅಪಾಯ.

ಕಣ್ಣಿಗೆ ಕಾಣದ ಭಾಗ ಸರಿಯಾಗಿ ಕೂರುತ್ತದೆ ಎಂದು ಬರಹದಿಂದಲೇ ನಂಬಿಸುವುದು ಹೇಗೆ? ಪ್ರಶ್ನೆ ಹೊಸದೆನಿಸಬಹುದು. ಉತ್ತರ ಮಾತ್ರ ಎರಡು ಶತಮಾನಗಳಿಂದ ಸ್ವಲ್ಪಸ್ವಲ್ಪವಾಗಿ ಕೂಡಿ ಬಂದದ್ದು.

ಅರವೇ ಗತಿಯಾಗಿದ್ದ ಕಾಲ

18ನೆಯ ಶತಮಾನದಲ್ಲಿ ಬಂದೂಕಿನ ಒಂದು ಭಾಗ ಮುರಿದರೆ ಇನ್ನೊಂದು ಬಂದೂಕಿನ ಅದೇ ಭಾಗವನ್ನು ತಂದು ಹಾಕುವಂತಿರಲಿಲ್ಲ. ಪ್ರತಿಯೊಂದನ್ನೂ ಕುಶಲಕರ್ಮಿ ಅರದಿಂದ ಉಜ್ಜಿ, ಆ ಬಂದೂಕಿಗೇ ಹೊಂದುವಂತೆ ಮಾಡಿರುತ್ತಿದ್ದ. ಹೀಗಿರುವಾಗ ‘ಬಂದೂಕಿನ ಕುದುರೆ ಮಾರಾಟಕ್ಕಿದೆ’ ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಯಾವ ಬಂದೂಕಿನದು? ಆ ಒಂದೇ ಬಂದೂಕಿನದು!

ಫ್ರಾನ್ಸಿನ ಓನೊರೆ ಬ್ಲಾಂಕ್ ಎಂಬಾತ ಈ ಕಟ್ಟನ್ನು ಮುರಿಯಲು ಹೊರಟ. 1785ರಲ್ಲಿ, ಆಗ ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಅವನ ಕಾರ್ಯಾಗಾರಕ್ಕೆ ಭೇಟಿಕೊಟ್ಟರು. ಅಲ್ಲಿ ಐವತ್ತು ಬಂದೂಕುಗಳ ಕುದುರೆಯ ಯಂತ್ರಗಳನ್ನು ಬಿಚ್ಚಿ ಭಾಗಗಳನ್ನು ಬೇರೆಬೇರೆಯಾಗಿ ಇಡಲಾಗಿತ್ತು. ಜೆಫರ್ಸನ್ ಕೈಗೆ ಸಿಕ್ಕ ಭಾಗಗಳನ್ನು ಎತ್ತಿಕೊಂಡು ತಾವೇ ಕೆಲವನ್ನು ಜೋಡಿಸಿದರು. ಎಲ್ಲವೂ ಸರಿಯಾಗಿ ಕೂತವು. ಆ ವರ್ಷದ ಆಗಸ್ಟಿನಲ್ಲಿ ಜಾನ್ ಜೇ ಅವರಿಗೆ ಪತ್ರ ಬರೆದು ಇದನ್ನು ತಿಳಿಸಿದರು. ಅದಲುಬದಲು ಮಾಡಬಲ್ಲ ಭಾಗಗಳ ಕಲ್ಪನೆ ಹೀಗೆ ಕಡಲು ದಾಟಿತು.

ತಿರುಪು ಕಲಿಸಿದ ಪಾಠ

ಒಂದು ಕಾರ್ಖಾನೆಯೊಳಗೆ ಭಾಗಗಳು ಹೊಂದಿದರೆ ಸಾಲದು. ಬೇರೆ ಕಾರ್ಖಾನೆಯ ಭಾಗವೂ ಹೊಂದಬೇಡವೆ? 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, ತಿರುಪಿನ ಎಳೆಗಳಿಗೆ ಏಕರೂಪದ ಕ್ರಮವೊಂದನ್ನು ಸೂಚಿಸಿದ. ಅದರಲ್ಲಿ ಎಳೆಯ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಬೇರೊಂದು ಕ್ರಮ ಮುಂದಿಟ್ಟ. ಅಲ್ಲಿ ಕೋನ 60 ಡಿಗ್ರಿ. ಎರಡೂ ಒಳ್ಳೆಯ ಕ್ರಮಗಳೇ. ಆದರೆ ‘ಅರ್ಧ ಅಂಗುಲದ ಬೋಲ್ಟು’ ಎಂದಷ್ಟೇ ಹೇಳಿದರೆ ಯಾವುದು ಎಂದು ತಿಳಿಯದು. ಯಾವ ಮಾನಕ ಎಂಬುದನ್ನೂ ಹೇಳಬೇಕು.

ಹೇಳದಿದ್ದರೆ, ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ 1904ರ ಫೆಬ್ರವರಿಯ ಬಾಲ್ಟಿಮೋರ್ ಅಗ್ನಿದುರಂತ ಸಾಕ್ಷಿ. ವಾಷಿಂಗ್ಟನ್, ಫಿಲಡೆಲ್ಫಿಯ ಮೊದಲಾದ ಊರುಗಳಿಂದ ಅಗ್ನಿಶಾಮಕ ದಳಗಳು ಧಾವಿಸಿದವು. ಅವರ ಕೊಳವೆಗಳ ತುದಿ ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಕೂರಲಿಲ್ಲ. ನೀರಿತ್ತು, ಕೊಳವೆಯಿತ್ತು, ಜನರಿದ್ದರು, ಎಳೆ ಹೊಂದಲಿಲ್ಲ. ಸುಮಾರು 1500 ಕಟ್ಟಡಗಳು ಸುಟ್ಟುಹೋದವು.

ಕಲಸಿಟ್ಟ ಮೂರು ಕಾರುಗಳು

ಮೋಟಾರು ವಾಹನದ ಇತಿಹಾಸದಲ್ಲಿ 1908 ಮರೆಯಬಾರದ ವರ್ಷ. ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಮೂರು ಕಾರುಗಳನ್ನು ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ಪರೀಕ್ಷೆಗೆ ಒಡ್ಡಿತು. ಬ್ರೂಕ್‌ಲೆಂಡ್ಸ್ ಎಂಬಲ್ಲಿ ಮೂರನ್ನೂ ಪೂರ್ತಿ ಬಿಚ್ಚಿ ಭಾಗಗಳನ್ನು ಒಂದೇ ರಾಶಿಯಾಗಿ ಕಲಸಿದರು. ಅದರಿಂದ 89 ಭಾಗಗಳನ್ನು ತೆಗೆದು ಅವುಗಳ ಜಾಗಕ್ಕೆ ವ್ಯಾಪಾರಿಯ ದಾಸ್ತಾನಿನಿಂದ ತಂದ ಭಾಗಗಳನ್ನು ಇಟ್ಟರು. ಮೆಕ್ಯಾನಿಕ್‌ಗಳು ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳಿಂದಲೇ ಮೂರು ಕಾರುಗಳನ್ನು ಮತ್ತೆ ಜೋಡಿಸಿದರು. ಅವು 500 ಮೈಲಿಗಳ, ಅಂದರೆ ಸುಮಾರು 800 ಕಿಲೋಮೀಟರುಗಳ ಓಟವನ್ನು ಮುಗಿಸಿದವು. ಕಂಪನಿಗೆ ಡ್ಯೂವರ್ ಪಾರಿತೋಷಕ ದೊರೆಯಿತು.

ಇದು ಹೇಗೆ ಸಾಧ್ಯವಾಯಿತು? ಯಾವ ಎರಡು ಭಾಗಗಳೂ ನೂರಕ್ಕೆ ನೂರು ಒಂದೇ ಅಳತೆಯವಲ್ಲ. ಆದರೆ ವ್ಯತ್ಯಾಸ ಒಂದು ಮಿತಿಯೊಳಗಿದ್ದರೆ ಎರಡೂ ಕೂರುತ್ತವೆ. ಈ ಮಿತಿಯನ್ನು ಟಾಲರೆನ್ಸ್ ಎನ್ನುತ್ತೇವೆ. ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲೆಂಡ್ ಈ ಮಿತಿಯನ್ನು ಪಾಲಿಸುವುದರಲ್ಲಿ ಬಲು ಕಟ್ಟುನಿಟ್ಟು. ಈಗ ಗಮನಿಸಿ: ಭಾಗ ನಿಜವಾಗಿ ಅದಲುಬದಲಾಗುವಂತಾದ ಮೇಲೆಯೇ ಅದನ್ನು ನೋಡದೆ ಕೊಳ್ಳುವುದು ಸಾಧ್ಯವಾಯಿತು.

ಐದು ಡಾಲರಿನ ಅಂಚೆಚೀಟಿ

ಆ ಸಾಧ್ಯತೆಯನ್ನು ಹಿಡಿದವರಲ್ಲಿ ಜಾರ್ಜ್ ಪೆಪರ್‌ಡೈನ್ ಒಬ್ಬ. 1909ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಆತ ತೊಡಗಿಸಿದ ಬಂಡವಾಳ ಐದು ಡಾಲರ್. ಅದರಿಂದ ಕೊಂಡದ್ದು 500 ಅಂಚೆಚೀಟಿ. ವಾಹನದ ಭಾಗಗಳ ವಿವರವನ್ನು ಅಂಚೆಯಲ್ಲಿ ಕಳಿಸಿ, ಬಂದ ಬೇಡಿಕೆಗಳನ್ನು ಪೂರೈಸುತ್ತ ಹೋದ. ಮುಂದೆ ದೊಡ್ಡದಾಗಿ ಬೆಳೆದ ವೆಸ್ಟರ್ನ್ ಆಟೊ ಕಂಪನಿ ಹೀಗೆ ಹುಟ್ಟಿತು.

ಆತನಿಗೆ ಕಾಲ ಕೂಡಿಬಂದಿತ್ತು. 1908ರ ಅಕ್ಟೋಬರಿನಲ್ಲಿ ಬಂದ ಫೋರ್ಡ್ ಮಾಡೆಲ್ ಟಿ, 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ‘ಫೋರ್ಡ್ ಮಾಡೆಲ್ ಟಿಗೆ’ ಎಂಬ ಮಾತೇ ಲಕ್ಷಾಂತರ ಗಿರಾಕಿಗಳಿಗೆ ಸಾಕಷ್ಟು ಹೇಳುತ್ತಿತ್ತು. ಕಂಪನಿಗಳು, ಮಾದರಿಗಳು ಹೆಚ್ಚಿದಂತೆ ಇಷ್ಟು ಸಾಲದಾಯಿತು. 1905ರಲ್ಲಿ ಸ್ಥಾಪನೆಯಾಗಿದ್ದ ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಘ ಮಾನಕಗಳನ್ನು ರೂಪಿಸಲು ಕುಳಿತಾಗ, ನಟ್ಟು ಸಡಿಲವಾಗದಂತೆ ಹಾಕುವ ವಾಷರುಗಳಲ್ಲೇ 800 ಬಗೆಗಳಿದ್ದವು. ಅವನ್ನು 16ಕ್ಕೆ ಇಳಿಸಲಾಯಿತು. ಉಳಿದವಕ್ಕೆ ಸಂಖ್ಯೆಯ ಗುರುತು ಬೇಕೇ ಬೇಕಾಯಿತು.

ಸಂಖ್ಯೆ ಮಾತನಾಡುವ ಬಗೆ

ಬೇರಿಂಗಿನ ಮೇಲೆ 6205 ಎಂದು ಕೆತ್ತಿದ್ದರೆ ಅದು ಬರಿಯ ಹೆಸರಲ್ಲ. 6 ಎಂದರೆ ಆಳ ತೋಡಿನ ಗುಂಡು ಬೇರಿಂಗ್. 2 ಎಂಬುದು ಅಳತೆಯ ಶ್ರೇಣಿ. ಕೊನೆಯ 05 ಅನ್ನು 5ರಿಂದ ಗುಣಿಸಿದರೆ ಒಳವ್ಯಾಸ 25 ಮಿ.ಮೀ. ಹೊರವ್ಯಾಸ 52, ದಪ್ಪ 15 ಮಿ.ಮೀ. ಒಂದೇ ಅಂಕಿ ಬದಲಿಸಿ 6305 ಎಂದು ಬರೆಯಿರಿ: ಒಳವ್ಯಾಸ ಅದೇ 25, ಆದರೆ ಹೊರವ್ಯಾಸ 62, ದಪ್ಪ 17. ಬೇರಿಂಗ್ ತನ್ನ ಮನೆಯೊಳಗೆ ಇಳಿಯುವುದೇ ಇಲ್ಲ. (5ರಿಂದ ಗುಣಿಸುವ ನಿಯಮ 04ರಿಂದ ಮುಂದಕ್ಕೆ ಮಾತ್ರ. 6203ರ ಒಳವ್ಯಾಸ 15 ಅಲ್ಲ, 17 ಮಿ.ಮೀ.)

ಟೈರಿನ 145/80 ಆರ್ 12 ಎಂಬ ಗುರುತೂ ಹಾಗೆಯೇ. ಅಗಲ 145 ಮಿ.ಮೀ.; ಪಕ್ಕೆಯ ಎತ್ತರ ಅದರ ಶೇಕಡ 80, ಅಂದರೆ 116 ಮಿ.ಮೀ.; ರಿಮ್ಮಿನ ವ್ಯಾಸ 12 ಅಂಗುಲ. ಟೈರಿನ ಒಟ್ಟು ವ್ಯಾಸ ಎಷ್ಟು? ನೀವೇ ಲೆಕ್ಕ ಹಾಕಿ. ಸುಮಾರು 537 ಮಿ.ಮೀ. ಬರಬೇಕು.

ವಾಹನಕ್ಕೂ ಗುರುತು ಬೇಕಲ್ಲವೆ? ಅಮೆರಿಕದಲ್ಲಿ 1981ರ ಮಾದರಿಗಳಿಂದ 17 ಅಕ್ಷರ–ಅಂಕಿಗಳ ವಾಹನ ಗುರುತು ಸಂಖ್ಯೆ ಕಡ್ಡಾಯವಾಯಿತು. ನಮ್ಮಲ್ಲಿ ಛಾಸಿ ಸಂಖ್ಯೆ ಎನ್ನುವುದೂ ಇದೇ. 1, 0 ಎಂಬ ಅಂಕಿಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಉತ್ತರ ಅಮೆರಿಕದಲ್ಲಿ ಒಂಬತ್ತನೆಯ ಸ್ಥಾನ ತಪಾಸಣೆಯ ಅಂಕಿ. ಅದರ ಲೆಕ್ಕ ಹೀಗೆ: ಹದಿನೇಳು ಸ್ಥಾನಗಳ ತೂಕ ಕ್ರಮವಾಗಿ 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಎಲ್ಲ ಸ್ಥಾನಗಳಲ್ಲೂ 1 ಇದ್ದರೆ ಮೊತ್ತ 89. ಅದನ್ನು 11ರಿಂದ ಭಾಗಿಸಿದರೆ ಶೇಷ 1. ಒಂಬತ್ತನೆಯ ಅಂಕಿಯೂ 1 ಆದ್ದರಿಂದ ಸಂಖ್ಯೆ ಸರಿ. ಬೇರೆ ಯಾವುದಾದರೂ ಒಂದು ಅಂಕಿ ತಪ್ಪಾದರೆ ಶೇಷ ಬದಲಾಗಿ ತಪ್ಪು ಬಯಲಾಗುತ್ತದೆ. ತರಗತಿಯಲ್ಲಿ ಮಾಡಿಸಬಹುದಾದ ಸೊಗಸಾದ ಲೆಕ್ಕ ಇದು.

ಕೆಟ್ಟ ಲೇಸರ್ ಕಡ್ಡಿಯ ಪ್ರಾಮಾಣಿಕತೆ

1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಅಂತರಜಾಲದಲ್ಲಿ ಹರಾಜಿನ ತಾಣವೊಂದನ್ನು ತೆರೆದ. ಅದೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಸೂಚಕ ಕಡ್ಡಿ, ಬೆಲೆ 14.83 ಡಾಲರ್. ಅದು ಕೆಟ್ಟಿದೆ ಎಂಬುದು ತಿಳಿದಿದೆಯೆ ಎಂದು ಒಮಿಡ್ಯಾರ್ ಕೊಂಡವರನ್ನು ಕೇಳಿದ. ಅವರು ಅಂಥವನ್ನೇ ಸಂಗ್ರಹಿಸುವ ಹವ್ಯಾಸಿ! ಇರುವ ಸ್ಥಿತಿಯನ್ನು ಇದ್ದಂತೆ ಹೇಳಿದರೆ ಸರಿಯಾದ ಗಿರಾಕಿ ತಾನಾಗಿ ಸಿಗುತ್ತಾನೆ.

ಹಳೆಯ ಭಾಗಗಳಿಗೆ ಈ ಮಾತು ಹೆಚ್ಚು ಅನ್ವಯ. ಅಳತೆ, ಸಂಖ್ಯೆಗಳು ಭಾಗ ಕೂರುತ್ತದೆಯೆ ಎಂಬುದನ್ನು ಹೇಳುತ್ತವೆ. ಅದು ಬಾಳುತ್ತದೆಯೆ ಎಂಬುದನ್ನು ಹೇಳುವುದು ಸ್ಥಿತಿಯ ವಿವರ. ಯೂರೋಪಿನಲ್ಲಿ 1990ರ ದಶಕದಿಂದ ಟೆಕ್‌ಡಾಕ್, ಅಮೆರಿಕದಲ್ಲಿ 2000ರ ದಶಕದಿಂದ ಏಸಸ್ ಎಂಬ ಕ್ರಮಗಳು ಯಾವ ಭಾಗ ಯಾವ ವಾಹನಕ್ಕೆ ಎಂಬುದನ್ನು ಗಣಕದ ದತ್ತಾಂಶವಾಗಿ ಜೋಡಿಸಿಟ್ಟಿವೆ. ಸವೆತ, ಬಿರುಕು, ತುಕ್ಕುಗಳನ್ನು ಮಾತ್ರ ಮಾರುವವರೇ ಬರೆಯಬೇಕು. ನಮ್ಮ ದೇಶದ 2020ರ ಗ್ರಾಹಕ ರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟಗಾರರ ಜಾಹೀರಾತು ಸರಕಿನ ನಿಜ ಗುಣಗಳಿಗೆ ಹೊಂದಬೇಕು. ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಅವರು ನಿರಾಕರಿಸುವಂತಿಲ್ಲ.

ನೀವೇ ಬರೆದು ನೋಡಿ

ಎರಡು ಶತಮಾನಗಳ ಪಾಠವನ್ನು ಒಂದು ವಿವರದಲ್ಲಿ ತುಂಬಬಹುದು: ‘ಗುಂಡು ಬೇರಿಂಗ್ 6205, ಎರಡೂ ಕಡೆ ರಬ್ಬರ್ ಸೀಲು. 25 × 52 × 15 ಮಿ.ಮೀ. ಹೊಸದು, ಪೊಟ್ಟಣ ತೆರೆದಿದೆ, ಬಳಸಿಲ್ಲ. ಕೆತ್ತಿದ ಸಂಖ್ಯೆ ಎರಡನೆಯ ಚಿತ್ರದಲ್ಲಿದೆ. ಕೊಳ್ಳುವ ಮುನ್ನ ನಿಮ್ಮ ಹಳೆಯ ಬೇರಿಂಗಿನ ಸಂಖ್ಯೆಯೊಡನೆ ಹೋಲಿಸಿ.’ ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಗಮನಿಸಿದಿರಾ? ವಾಹನಕ್ಕೆ ಸಂಬಂಧಿಸಿದ ಭಾಗವಾದರೆ ಕಂಪನಿ, ಮಾದರಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಡವೋ ಬಲವೋ ಎಂಬುದನ್ನು ಸೇರಿಸಿ. ವಾಹನ ಕಂಪನಿಯದೇ ಭಾಗವೋ, ಬೇರೆ ತಯಾರಕರದೋ ಎಂಬುದನ್ನೂ ಮರೆಮಾಚದೆ ಹೇಳಿ.

ವಿದ್ಯಾರ್ಥಿಗಳ ಕೈಗೆ ಒಂದೊಂದು ಹಳೆಯ ಭಾಗವನ್ನೂ ವರ್ನಿಯರ್ ಕ್ಯಾಲಿಪರನ್ನೂ ಕೊಟ್ಟು ವಿವರ ಬರೆಸಿರಿ. ಅದನ್ನು ಓದಿದ ಪಕ್ಕದ ತರಗತಿಯವರು, ಕಲಸಿಟ್ಟ ರಾಶಿಯಿಂದ ಅದೇ ಭಾಗವನ್ನು ಹೆಕ್ಕಿ ತೆಗೆಯಬಲ್ಲರೆ? ತೆಗೆದರೆ ಬರಹ ಗೆದ್ದಿತು. ಬ್ರೂಕ್‌ಲೆಂಡ್ಸಿನಲ್ಲಿ ಮೂರು ಕಾರುಗಳು ಗೆದ್ದದ್ದೂ ಇಂಥದೇ ಪರೀಕ್ಷೆಯನ್ನು.