ಬಿಳಿಗಿರಿಯ ಬೆಂಕಿ ಲೈನು

ಹಿಂಗಾರು ಮಳೆ ನಿಂತು, ಬೆಳಗಿನ ಇಬ್ಬನಿ ಹುಲ್ಲಿನ ಮೇಲೆ ದಪ್ಪಗೆ ಕೂರುವ ಹೊತ್ತಿಗೆ ಅರಣ್ಯ ಇಲಾಖೆಯ ಕೆಳಹಂತದ ನೌಕರರ ಬಾಯಲ್ಲಿ ಒಂದೇ ಮಾತು: ಲೈನು. ಪತ್ರಿಕೆಗಳಲ್ಲಿ ಅದು ಬೆಂಕಿ ರೇಖೆ, ಕಡತದಲ್ಲಿ ಫೈರ್ ಲೈನ್. ಕಾಡಿನ ನಡುವೆ ಐದೋ ಹತ್ತೋ ಮೀಟರ್ ಅಗಲಕ್ಕೆ ಗಿಡಗಂಟಿ ಸವರಿ, ಒಣಗಿಸಿ, ಸುಟ್ಟು, ಗುಡಿಸಿ ಬರಿನೆಲ ಮಾಡುವ ಪಟ್ಟಿ ಅದು. ಈ ಕಡೆ ಹೊತ್ತಿಕೊಂಡ ಬೆಂಕಿ ಆ ಕಡೆಗೆ ದಾಟದಿರಲಿ ಎಂಬುದು ಲೆಕ್ಕಾಚಾರ. ಬೇಸಿಗೆ ಕಳೆದ ಮೇಲೆ ಅದೇ ಕಾಡಿನ ರಸ್ತೆಯಾಗುತ್ತದೆ. ಗಸ್ತು ತಿರುಗುವುದು, ಹುಲಿ ಗಣತಿಗೆ ಕ್ಯಾಮೆರಾ ಕಟ್ಟುವುದು, ಪೋಡಿನಿಂದ, ಅಂದರೆ ಆದಿವಾಸಿಗಳ ಹಟ್ಟಿಯಿಂದ, ಬಸುರಿ ಹೆಂಗಸನ್ನು ಜೀಪಿನಲ್ಲಿ ಆಸ್ಪತ್ರೆಗೆ ಇಳಿಸುವುದು, ಎಲ್ಲವೂ ಅದರ ಮೇಲೆಯೇ. ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಗಾರ್ಡಾಗಿ ಸೇರಿ ಫಾರೆಸ್ಟರಾಗಿ ನಿವೃತ್ತನಾದವನು ನಾನು. ಈ ಲೈನುಗಳು ಎಲ್ಲಿಂದ ಬಂದವು ಎಂದು ಯೋಚಿಸಲು ಸರ್ವಿಸಿನಲ್ಲಿದ್ದಾಗ ಪುರಸೊತ್ತಿರಲಿಲ್ಲ. ಈಗ ಬೇಕಾದಷ್ಟಿದೆ.

ಇಲಾಖೆ ಹುಟ್ಟುವ ಮೊದಲೇ ಬೆಟ್ಟದಲ್ಲಿ ದಾರಿಗಳಿದ್ದವು. ಇಲ್ಲಿನ ಮೊದಲ ರಸ್ತೆ ಇಂಜಿನಿಯರು ಆನೆ. ಕಡಿದಾದ ಏರನ್ನು ಆನೆ ನೇರವಾಗಿ ಹತ್ತುವುದು ಕಡಿಮೆ. ಓರೆಯಾಗಿ ಬಳಸಿಕೊಂಡು ಹೋಗಿ, ಸಾಲು ಎಲ್ಲಿ ತಗ್ಗಿದೆಯೋ ಅಲ್ಲಿ ದಾಟುತ್ತದೆ. ಆನೆ ತುಳಿದ ಜಾಡಿನಲ್ಲಿ ಈ ಕಾಡಿನ ಆದಿವಾಸಿಗಳಾದ ಸೋಲಿಗರು ನಡೆದರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಸೋಲಿಗರ ಬಗ್ಗೆ ಬರೆದಿಟ್ಟಿದ್ದಾನೆ. ಮೈಸೂರು ಸರ್ಕಾರದ ಆನೆ ಹಿಡಿಯುವ ಅಧಿಕಾರಿ ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಹಿಂಡನ್ನೇ ಹಿಡಿದಾಗಲೂ ಜಾಡು ಹುಡುಕುವ ಕೆಲಸಕ್ಕೆ ನೆಚ್ಚಿಕೊಂಡದ್ದು ಸೋಲಿಗರನ್ನೇ. ಆಮೇಲೆ ಅತ್ತಿಖಾನೆ, ಹೊನ್ನಮೇಟಿ ಕಡೆ ಕಾಫಿ ತೋಟ ಮಾಡಿದ ದೊರೆಗಳು ಬಂದರು. ಅವರಿಗೆ ಕುದುರೆ ನಡೆಯುವಷ್ಟು, ಕಾಫಿ ಮೂಟೆ ಇಳಿಯುವಷ್ಟು ದಾರಿ ಬೇಕಾಯಿತು. ಹಳೆಯ ಜಾಡುಗಳೇ ಅಗಲವಾದವು.

ದಾರಿಯ ಮಾತು ಬಂದಾಗ ರಂಗಪ್ಪನನ್ನು ಬಿಡುವಂತಿಲ್ಲ. ಬೆಟ್ಟದ ರಂಗನಾಥಸ್ವಾಮಿ ರಾತ್ರಿ ಹೊತ್ತು ಕಾಡು ಸುತ್ತುತ್ತಾನೆಂಬ ನಂಬಿಕೆ ಇದೆ. ಚಪ್ಪಲಿ ಸವೆಯುತ್ತದಲ್ಲ? ಅದಕ್ಕೇ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ದೊಡ್ಡದೊಂದು ಜೊತೆ ಚರ್ಮದ ಚಪ್ಪಲಿ ಹೊಲಿದು ತಂದು ಒಪ್ಪಿಸುತ್ತಾರೆ. ಸೋಲಿಗರಿಗೆ ಅವನು ತಮ್ಮ ಕುಲದ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಭಾವ. ದೊಡ್ಡ ಜಾತ್ರೆ ಬೀಳುವುದು ಏಪ್ರಿಲ್–ಮೇ ತಿಂಗಳಲ್ಲಿ, ಅಂದರೆ ಕಾಡು ಒಣಗಿ ಬೆಂಕಿಪೆಟ್ಟಿಗೆಗೆ ಕಾದು ಕೂತಿರುವ ಹೊತ್ತಿನಲ್ಲಿ. ಬೀಡಿ ಸೇದುವವರು, ಒಲೆ ಹೂಡುವವರು ಸಾವಿರಾರು ಮಂದಿ. ಭಾವನ ಮದುವೆಯ ದಿಬ್ಬಣಕ್ಕೆ ಬೇಡವೆನ್ನಲು ಯಾವ ರೇಂಜರಿಗೂ ಸಾಧ್ಯವಿಲ್ಲ. ಜಾತ್ರೆ ದಾರಿಯ ಎರಡೂ ಬದಿ ಸವರಿ ಗುಡಿಸುವುದೊಂದೇ ಉಪಾಯ.

ಲೈನು ಎಂಬ ಏರ್ಪಾಡು ಬಂದದ್ದು ಬ್ರಿಟಿಷ್ ಅರಣ್ಯ ಆಡಳಿತದ ಜೊತೆಗೆ. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಪಿಯರ್ಸನ್ ಎಂಬ ಅಧಿಕಾರಿ ಬೆಂಕಿಯನ್ನು ಹೊರಗಿಟ್ಟು ತೋರಿಸಿದ ಮೇಲೆ ಅದೇ ದೇಶಕ್ಕೆಲ್ಲ ಮಾದರಿಯಾಯಿತು. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಯಿತು. ನಮ್ಮ ಬೆಟ್ಟಕ್ಕೆ ಇನ್ನೊಂದು ತೊಡಕೂ ಇತ್ತು. ಯಳಂದೂರು, ಚಾಮರಾಜನಗರದ ಕಡೆ ಮೈಸೂರು ಸಂಸ್ಥಾನ. ಕೊಳ್ಳೇಗಾಲದ ಕಡೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಅಲ್ಲಿ 1882ರ ಮದರಾಸು ಅರಣ್ಯ ಕಾಯ್ದೆ, ಇಲ್ಲಿ 1900ರ ಮೈಸೂರು ಅರಣ್ಯ ರೆಗ್ಯುಲೇಷನ್. ಒಂದೇ ಬೆಟ್ಟಸಾಲು, ಎರಡು ಕಾನೂನು, ಎರಡು ಖಜಾನೆ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲಷ್ಟೇ ಎರಡೂ ಮಗ್ಗುಲಿಗೆ ಒಬ್ಬನೇ ಯಜಮಾನ ಬಂದ.

ಗಡಿ ಹೋದರೂ ರೇಂಜುಗಳ ನಡುವಿನ ಎಲ್ಲೆ ಉಳಿಯಿತು. ಲೈನು ಹೋಗುವುದು ಬೆಟ್ಟದ ನೆತ್ತಿಯ ಮೇಲೆ, ರೇಂಜಿನ ಎಲ್ಲೆಯೂ ಸಾಮಾನ್ಯವಾಗಿ ಅದೇ ನೆತ್ತಿ. ನಾವು ನಮ್ಮ ಪಾಲು ಮುಗಿಸಿ, ಪಕ್ಕದವರು ಇನ್ನೂ ಆಳು ಹುಡುಕುತ್ತಿದ್ದರೆ ನಡುವೆ ಒಂದು ಬಾಯಿ ತೆರೆದೇ ಇರುತ್ತದೆ. ಬೆಂಕಿ ನುಗ್ಗಲು ಅಷ್ಟು ಸಾಕು.

ಕೆಲಸದ ಕ್ರಮ ಹೇಳುತ್ತೇನೆ, ಏಕೆಂದರೆ ಓದುವವರಲ್ಲಿ ಹೆಚ್ಚಿನವರು ಇದನ್ನು ರಸ್ತೆ ಬದಿಯ ಹುಲ್ಲು ಕೊಯ್ಯುವ ಕೆಲಸ ಅಂದುಕೊಂಡಿರಬಹುದು. ಡಿಸೆಂಬರಿನಲ್ಲಿ ಮಚ್ಚು, ಕುಡುಗೋಲು ಹಿಡಿದು ಸವರುವುದು. ಸವರಿದ್ದನ್ನು ಎರಡು ಮೂರು ವಾರ ಬಿಸಿಲಿಗೆ ಬಿಡುವುದು. ಆಮೇಲೆ ಸುಡುವುದು, ಅದೂ ಸಂಜೆ ಗಾಳಿ ಇಳಿದು ತೇವ ಕೂರುವಾಗ. ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು. ಬೆಂಕಿಗೆ ಏರು ಹತ್ತುವುದು ಇಷ್ಟ. ಕೆಳಗಿನಿಂದ ಹಚ್ಚಿದರೆ ಕೈಗೆ ಸಿಗುವುದಿಲ್ಲ. ಮೇಲಿನಿಂದ ಹಚ್ಚಿದರೆ ಮೊಣಕಾಲೆತ್ತರ ಎದ್ದು, ಮುನಿಸಿಕೊಂಡವರ ಹಾಗೆ ನಿಧಾನವಾಗಿ ಕೆಳಗಿಳಿಯುತ್ತದೆ. ಎರಡೂ ಅಂಚಿನಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದ ಜನ. ಅಂಚು ದಾಟಿದ ನಾಲಗೆಯನ್ನು ಎತ್ತಿ ಬಡಿಯಬಾರದು, ಕಿಡಿ ಹಾರುತ್ತದೆ. ಕೊಂಬೆಯನ್ನು ಒತ್ತಿ ಸುಟ್ಟ ಕಡೆಗೇ ಎಳೆಯಬೇಕು. ಹೊಸದಾಗಿ ಬಂದ ಗಾರ್ಡುಗಳು ಬಡಿದು ಬಡಿದು ಹೊಸ ಬೆಂಕಿ ಎಬ್ಬಿಸುವುದನ್ನು ಸೋಲಿಗ ಹುಡುಗರು ನೋಡಿ ನಗುತ್ತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ಫೆಬ್ರವರಿಯಲ್ಲಿ ಮತ್ತಿ, ದಿಂಡಿಗ, ತೇಗ ಎಲೆ ಉದುರಿಸುತ್ತವೆ, ಸುಟ್ಟು ಬೋಳು ಮಾಡಿದ ಲೈನಿನ ಮೇಲೆ ಮತ್ತೆ ತರಗಿನ ಹಾಸು ಬೀಳುತ್ತದೆ. ಮತ್ತೆ ಗುಡಿಸಬೇಕು. ಬೇಗ ಮಾಡಿದರೆ ಹುಲ್ಲು ಚಿಗುರುತ್ತದೆ, ತಡವಾದರೆ ಸುಡಲು ಹೋದ ಬೆಂಕಿಯೇ ಕಾಡಿಗೆ ಹತ್ತುತ್ತದೆ. ನಡುವೆ ಸಿಗುವುದು ಕೆಲವೇ ವಾರ. ಹಣಕ್ಕೆ ಈ ಲೆಕ್ಕ ಗೊತ್ತಿಲ್ಲ. ಅಂದಾಜು ಪಟ್ಟಿ ಮೇಲಿನ ಕಚೇರಿಗೆ ಹೋಗಿ, ಮಂಜೂರಾಗಿ, ಇಳಿದು ಬರುವಷ್ಟರಲ್ಲಿ ಎಷ್ಟೋ ಸಲ ಇಬ್ಬನಿಯ ಕಾಲ ಮುಗಿದಿರುತ್ತಿತ್ತು. ಅಂಥ ವರ್ಷಗಳಲ್ಲಿ ಅಂಗಡಿಯಲ್ಲಿ ಸಾಲ ಹೇಳಿ ಕೂಲಿಯವರಿಗೆ ಅಕ್ಕಿ, ರಾಗಿ ಕೊಡಿಸಿ ಕೆಲಸ ಎಬ್ಬಿಸಿದ ಫಾರೆಸ್ಟರುಗಳು ಬಹಳ ಜನ. ನಾನೂ ಒಬ್ಬ. ಅಳತೆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಸೋಲಿಗರಿಗೆ ತಮ್ಮದೇ ಪದ್ಧತಿಯಿತ್ತು: ತರಗು ಬೆಂಕಿ. ಜನವರಿ ಆಸುಪಾಸಿನಲ್ಲಿ ನೆಲದ ತೇವ ಪೂರ್ತಿ ಆರುವ ಮೊದಲು, ಉದುರಿದ ತರಗು ಮಾತ್ರ ಉರಿದು ಹೋಗುವಂತೆ ಹಚ್ಚುವ ತೆಳು ಬೆಂಕಿ. ಮರಕ್ಕೆ ತಾಕುತ್ತಿರಲಿಲ್ಲ, ಹುಲ್ಲು ಬೇಗ ಚಿಗುರುತ್ತಿತ್ತು, ದಾರಿ ಕಾಣುತ್ತಿತ್ತು. ನೆಲ್ಲಿ ಮರಕ್ಕೆ ಅಂಟುವ ಬದನಿಕೆಯನ್ನು, ಅವರ ಮಾತಿನಲ್ಲಿ ಉಪ್ಪಿಲನ್ನು, ಆ ಬೆಂಕಿ ಹದ್ದಿನಲ್ಲಿಡುತ್ತಿತ್ತು ಎನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಯಿತು. ಮುಂದೆ ಹಿಗ್ಗಿ 540 ಚದರ ಕಿಲೋಮೀಟರ್ ಆಯಿತು. ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ಒಂದೆಡೆ ಕೂರಿಸಿದರು, ತರಗು ಬೆಂಕಿ ನಿಂತಿತು. ನಿಲ್ಲಿಸಿದವರಲ್ಲಿ ನನ್ನಂಥವರೂ ಇದ್ದೆವು. ನಮಗೆ ಬಂದ ಆದೇಶ ಹಾಗಿತ್ತು.

ಆ ಜಾಗಕ್ಕೆ ಬಂದದ್ದು ಲಂಟಾನ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ತೋಟಕ್ಕೆ ಚೆಂದದ ಹೂವೆಂದು ತಂದ ಗಿಡ. ವಿಜ್ಞಾನಿಗಳು ನಮ್ಮ ಬೆಟ್ಟದಲ್ಲಿ ಗುರುತು ಹಾಕಿ ನೋಡಿದ ತಾಕುಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು, 2008ರ ಹೊತ್ತಿಗೆ ನೂರಕ್ಕೆ 81ರಲ್ಲಿ. ತರಗು ಬೆಂಕಿ ನಿಂತದ್ದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಸೋಲಿಗರ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ನನ್ನ ಬೀಟಿನ ವಾಚರ್ ತಾತ ಒಬ್ಬರು ಲೈನು ಸವರುತ್ತಾ ಅಂದದ್ದು ನೆನಪಿದೆ: “ಸಾಮಿ, ನೀವು ಸಣ್ಣ ಬೆಂಕಿಗೆ ಹೆದ್ರಿ ದೊಡ್ಡ ಬೆಂಕಿ ಸಾಕ್ತಾ ಇದ್ದೀರ.” ಲಂಟಾನ ಆಳೆತ್ತರ ಬೆಳೆದು ಕೊಂಬೆಗೆ ತಾಗುತ್ತದೆ. ನೆಲದ ಬೆಂಕಿ ಅದನ್ನು ಏಣಿ ಮಾಡಿಕೊಂಡು ಮರದ ನೆತ್ತಿಗೆ ಹೋಗುತ್ತದೆ. ಲೈನಿನಲ್ಲಿ ಅದನ್ನು ಮಚ್ಚಿನಿಂದ ಸವರಿದರೆ ಮುಂದಿನ ಮಳೆಗೆ ಒಂದು ಕಡ್ಡಿಯ ಜಾಗದಲ್ಲಿ ಐದು ಕಡ್ಡಿ. ಬುಡ ಸಮೇತ ಕಿತ್ತು, ಬೇರು ನೆಲಕ್ಕೆ ತಾಗದಂತೆ ತಲೆಕೆಳಗಾಗಿ ಒಣಗಿಸಬೇಕು. ಕಿಲೋಮೀಟರಿಗೆ ಇಷ್ಟು ಎಂದು ಬರೆದ ದರದಲ್ಲಿ ಆ ಕೆಲಸ ಆಗುವುದಿಲ್ಲ.

2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ಹೊತ್ತಿದಾಗ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಟಿವಿಯಲ್ಲಿ ಹೆಲಿಕಾಪ್ಟರ್ ಚೆನ್ನಾಗಿ ಕಾಣುತ್ತದೆ. ಡಿಸೆಂಬರಿನಲ್ಲಿ ಕುಡುಗೋಲು ಹಿಡಿದ ಕೈ ಯಾವ ಟಿವಿಗೂ ಕಾಣುವುದಿಲ್ಲ, ಖರ್ಚಿನಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ.

2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅಂದರೆ ಈ ಕಾಡಿನ ಪಾಲನೆಯಲ್ಲಿ ಅವರಿಗೆ ಕಾನೂನು ಒಪ್ಪಿದ ಮಾತಿದೆ. ಆದರೂ ಲೈನಿನ ಕೆಲಸದಲ್ಲಿ ನಾವು ಅವರನ್ನು ಬಹುಕಾಲ ಕಂಡದ್ದು ದಿನಗೂಲಿಯವರೆಂದು. ಎಲ್ಲಿ ಸವರಬೇಕು, ಯಾವ ವಾರ ಸುಡಬೇಕು ಎನ್ನುವುದು ಕಾಗದದಲ್ಲಿ ತೀರ್ಮಾನವಾದ ಮೇಲೆ ಅವರನ್ನು ಕರೆಯುತ್ತೇವೆ. ಈಗ ಕೆಲಸದಲ್ಲಿರುವ ತಮ್ಮಂದಿರಿಗೆ, ಅಧಿಕಾರಿಗಳಿಗೆ ನನ್ನ ಕೋರಿಕೆ ಇಷ್ಟೇ: ಅಂದಾಜು ಪಟ್ಟಿ ಬರೆಯುವ ಮುಂಚೆ, ನವೆಂಬರಿನಲ್ಲೇ, ಅಕ್ಕಪಕ್ಕದ ರೇಂಜಿನವರನ್ನೂ ಪೋಡಿನ ಹಿರಿಯರನ್ನೂ ಒಂದು ಕಡೆ ಕೂರಿಸಿ. ಯಾವ ಲೈನು ಮೊದಲು, ಎಂದು ಸುಡುವುದು, ಎಲ್ಲಿ ತರಗು ಬೆಂಕಿಯನ್ನು ಪರೀಕ್ಷೆಗಾದರೂ ಹಚ್ಚಿ ನೋಡಬಹುದು ಎಂದು ಅವರನ್ನು ಕೇಳಿ ಬರೆದುಕೊಳ್ಳಿ. ಗ್ರಾಮಸಭೆಯ ಸಹಿ ಬಿದ್ದ ಮೇಲೆ ಪಟ್ಟಿಯನ್ನು ಮಂಜೂರಾತಿಗೆ ಕಳಿಸಿ.