ಸಮವಸ್ತ್ರದಲ್ಲಿಯೇ ಮಣ್ಣಾದ ಸಿಪಾಯಿ



ಅಮೆರಿಕದ ಅಂತರ್ಯುದ್ಧವೆಂದೊಡನೆ ಲಿಂಕನ್, ಗ್ರಾಂಟ್, ಲೀ ಮುಂತಾದ ಹೆಸರುಗಳು ನಮಗೆ ನೆನಪಾಗುತ್ತವೆ. ಆದರೆ ಉತ್ತರದ ಸೈನ್ಯದಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರೇ ಸುಮಾರು 1,50,000 ಮಂದಿ ಇದ್ದರು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬಂದ ಕ್ಷಾಮದಲ್ಲಿ ಆ ನಾಡಿನ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ನಮ್ಮಲ್ಲಿ ಬಹುಮಂದಿ ವಿದ್ಯೆಯ ಬಲದಿಂದ ಇಲ್ಲಿಗೆ ಬಂದೆವು. ಅವರನ್ನು ಹಸಿವು ಅಟ್ಟಿಕೊಂಡು ಬಂದಿತು. ಆ ಪೀಳಿಗೆಯ ಒಬ್ಬ ಸಾಮಾನ್ಯ ಸಿಪಾಯಿಯ ಜೀವನವನ್ನು ಇಂದು ಅವಲೋಕಿಸೋಣ.

1862ರ ಆಗಸ್ಟ್ 6ರಂದು ಇಲಿನಾಯ್ ಸಂಸ್ಥಾನದ ಬೆಲ್ವಿಡಿಯರ್ ಪಟ್ಟಣದಲ್ಲಿ ಆಲ್ಬರ್ಟ್ ಕ್ಯಾಶಿಯರ್ ಎಂಬ ಹೆಸರಿನವರು 95ನೆಯ ಇಲಿನಾಯ್ ಪದಾತಿದಳಕ್ಕೆ ಸೇರಿದರು. ಎತ್ತರ ಐದಡಿ ಮೂರಂಗುಲ. ಅಕ್ಷರ ಬಾರದು, ರುಜುವಿನ ಬದಲು ಒಂದು ಗುರುತು ಹಾಕಿದರು. ಅಂದಿನ ವೈದ್ಯ ತಪಾಸಣೆ ಹೆಸರಿಗೆ ಮಾತ್ರ ನಡೆಯುತ್ತಿದ್ದುದು. ಮುಂದಿನ ಮೂರು ವರ್ಷಗಳಲ್ಲಿ ಈ ದಳ ವಿಕ್ಸ್‌ಬರ್ಗ್ ಮುತ್ತಿಗೆಯೂ ಸೇರಿ ಸುಮಾರು 40 ಕದನಗಳನ್ನು ಕಂಡಿತು. ಗುಂಡಿಗಿಂತ ಭೇದಿ, ವಿಷಮಜ್ವರಗಳಿಗೇ ಹೆಚ್ಚು ಸೈನಿಕರು ಬಲಿಯಾದ ಆ ಯುದ್ಧವನ್ನು ಉಳಿದುಬಂದು, 1865ರ ಆಗಸ್ಟ್‌ನಲ್ಲಿ ಕ್ಯಾಶಿಯರ್ ಬಿಡುಗಡೆ ಹೊಂದಿದರು.

ಅನಂತರ ಸೋನಿಮಿನ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಹೊಲದ ಕೂಲಿ, ಚರ್ಚಿನ ಕಸಗುಡಿಸುವ ಕೆಲಸ, ಬೀದಿದೀಪ ಹಚ್ಚುವ ಕೆಲಸಗಳಿಂದ ಹೊಟ್ಟೆ ಹೊರೆದರು. ಗಂಡಸರಂತೆ ಮತ ಹಾಕಿದರು, ಸೈನಿಕನ ಪಿಂಚಣಿಯನ್ನೂ ಪಡೆದರು.

ಮುಪ್ಪಿನಲ್ಲಿ ಒಂದು ಮೋಟಾರು ಕಾರು ತಗುಲಿ ಅವರ ಕಾಲು ಮುರಿಯಿತು. ಚಿಕಿತ್ಸೆಗೆಂದು ಬಂದ ವೈದ್ಯರಿಗೆ ಸತ್ಯ ತಿಳಿಯಿತು: ಕ್ಯಾಶಿಯರ್ ದೇಹದಿಂದ ಹೆಣ್ಣು. 1843ರಲ್ಲಿ ಐರ್ಲೆಂಡಿನ ಕ್ಲೋಗರ್‌ಹೆಡ್‌ನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಜೆನ್ನಿ ಹಾಜರ್ಸ್. ಆ ವೈದ್ಯರು ಬಾಯಿ ಬಿಡಲಿಲ್ಲ. ಕ್ವಿನ್ಸಿ ನಗರದ ನಿವೃತ್ತ ಸೈನಿಕರ ಆಶ್ರಮಕ್ಕೆ ಸೇರಿಸಿದಾಗ ಅಲ್ಲಿನ ಮುಖ್ಯಸ್ಥರೂ ಗುಟ್ಟನ್ನು ಕಾಯ್ದರು. ರೋಗಿಯ ರಹಸ್ಯವನ್ನು ಕಾಪಾಡುವುದಾಗಿ ಪ್ರತಿಜ್ಞೆ ಮಾಡಿರುವ ನಾವು ವೈದ್ಯರು, ಹೆಸರು ಬಯಸದ ಆ ಹಿರಿಯ ಸಹೋದ್ಯೋಗಿಗೆ ತಲೆಬಾಗಲೇಬೇಕು.

ಆದರೆ 1914ರಲ್ಲಿ, ಮುಪ್ಪಿನಿಂದ ಬುದ್ಧಿ ಮಂಕಾಯಿತೆಂದು ಅವರನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸಾಗಿಸಲಾಯಿತು. ಸುದ್ದಿ ಪತ್ರಿಕೆಗಳಿಗೆ ಮುಟ್ಟಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಷರಾಯಿ ತೊಟ್ಟ ಆ ವೃದ್ಧರಿಗೆ ಬಲವಂತವಾಗಿ ಹೆಂಗಸರ ಲಂಗ ತೊಡಿಸಿದರು. ಮೂಳೆಯ ಮುರಿತಕ್ಕೆ ನಮ್ಮಲ್ಲಿ ಪಟ್ಟಿಯುಂಟು. ಇಂಥ ಅವಮಾನಕ್ಕೆ ಯಾವ ಮದ್ದಿದೆ?

ಪಿಂಚಣಿ ಇಲಾಖೆ ವಂಚನೆಯ ಶಂಕೆಯಿಂದ ವಿಚಾರಣೆ ಆರಂಭಿಸಿತು. ಆಗ ನೆರವಿಗೆ ಬಂದವರು ಹಳೆಯ ಸಹಸೈನಿಕರು. ಈ ವ್ಯಕ್ತಿಯೇ ತಮ್ಮ ಜೊತೆ ಕಾದಿದ ಕ್ಯಾಶಿಯರ್ ಎಂದು ಅವರು ಸಾಕ್ಷಿ ನುಡಿದರು. ಗಂಡೋ ಹೆಣ್ಣೋ ಎಂಬುದಕ್ಕಿಂತ, ಜೊತೆಗೆ ನಿಂತರೋ ಇಲ್ಲವೋ ಎಂಬುದೇ ಅವರಿಗೆ ಮುಖ್ಯವಾಗಿತ್ತು. ಪಿಂಚಣಿ ಉಳಿಯಿತು.

1915ರ ಅಕ್ಟೋಬರ್ 10ರಂದು ಕ್ಯಾಶಿಯರ್ ತೀರಿಕೊಂಡರು. ಸೈನಿಕ ಮರ್ಯಾದೆಯೊಡನೆ, ಸಮವಸ್ತ್ರದಲ್ಲಿಯೇ ಅವರನ್ನು ಸೋನಿಮಿನ್‌ನಲ್ಲಿ ಮಣ್ಣುಮಾಡಿದರು. ಸಮಾಧಿಯ ಕಲ್ಲಿನ ಮೇಲೆ ಅವರೇ ಆರಿಸಿಕೊಂಡ ಹೆಸರು, ದಳದ ಸಂಖ್ಯೆ ಇವಿಷ್ಟನ್ನೇ ಕೆತ್ತಿದರು. ಹುಟ್ಟುಹೆಸರೂ ಇರುವ ಇನ್ನೊಂದು ಕಲ್ಲು 1970ರ ದಶಕದಲ್ಲಿ ಬಂದಿತು. ವಿಕ್ಸ್‌ಬರ್ಗ್‌ನ ಇಲಿನಾಯ್ ಸ್ಮಾರಕದಲ್ಲಿಯೂ ಇರುವುದು ಕ್ಯಾಶಿಯರ್ ಎಂಬ ಹೆಸರೇ.

ಗಂಡುವೇಷಕ್ಕೆ ಕಾರಣವನ್ನು ಅವರು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಹೇಳಿದರು. ಆ ಗುಟ್ಟನ್ನು ಅವರಿಗೇ ಬಿಡೋಣ. ಪರದೇಶಕ್ಕೆ ಬಂದವರು ಹೆಸರನ್ನು ಮೊಟಕುಗೊಳಿಸಿಕೊಳ್ಳುತ್ತಾರೆ, ಉಡುಪನ್ನು ಬದಲಿಸುತ್ತಾರೆ. ನಾವೂ ಇದಕ್ಕೆ ಹೊರತಲ್ಲ. ಯಾರು ತಾವೆಂದು ಹೇಳಿಕೊಳ್ಳುವ ಹಕ್ಕು ಅವರದಾದರೆ, ಅವರು ಮಾಡಿದ ಸೇವೆಯನ್ನು ಮರೆಯದಿರುವ ಹೊಣೆ ನಮ್ಮದು. ಅಕ್ಷರ ಬಾರದ ಆ ಐರಿಷ್ ವಲಸೆಗಾರರಿಂದ ನಾವು ಕಲಿಯಬೇಕಾದ ಪಾಠ ಇದೇ.